ಪ್ಯಾರಿಸ್ ಪೊಮೆಲ್ ಹಾರ್ಸ್ ಫೈನಲ್: ತುಣುಕು ಬೇಡ, ಪೂರ್ತಿ ನೋಡಿ

ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಪೊಮೆಲ್ ಹಾರ್ಸ್ ಫೈನಲ್ ಇದೆಯಲ್ಲ, ಎರಡು ಹಿಡಿ ಇರುವ ‘ಕುದುರೆ’ ಎಂಬ ಉಪಕರಣದ ಮೇಲೆ ಕೈಯೂರಿ ಕಾಲು ತಿರುಗಿಸುವ ಜಿಮ್ನಾಸ್ಟಿಕ್ಸ್ ಸ್ಪರ್ಧೆ, ಅದರ ಪೂರ್ತಿ ರೆಕಾರ್ಡಿಂಗ್‌ಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅದೇ ಫೈನಲ್‌ನ ಹೈಲೈಟ್ಸ್ ತುಣುಕುಗಳಿಗೆ ಒಂದು. ಆ ಒಂದು ಕೊಟ್ಟಿದ್ದು ಕೂಡ ಸಂಕೋಚಕ್ಕೆ.

ಇಷ್ಟೊಂದು ವ್ಯತ್ಯಾಸ ಯಾಕೆ ಅಂತೀರಾ? ಜಿಮ್ನಾಸ್ಟಿಕ್ಸ್‌ನ ಬೇರೆ ಸ್ಪರ್ಧೆಗಳನ್ನು ಕತ್ತರಿಸಿ ತೋರಿಸಿದರೂ ಹೇಗೋ ನಡೆಯುತ್ತದೆ. ವಾಲ್ಟ್‌ನಲ್ಲಿ ಓಡಿ ಬಂದು, ಹಾರಿ, ಇಳಿಯುವುದು ಕೆಲವೇ ಸೆಕೆಂಡಿನ ಮಾತು. ಹೈ ಬಾರ್‌ನಲ್ಲಿ ಕೈಬಿಟ್ಟು ಗಾಳಿಯಲ್ಲಿ ತಿರುಗಿ ಮತ್ತೆ ಹಿಡಿದ ಒಂದು ಕ್ಷಣ ತೋರಿಸಿದರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಪೊಮೆಲ್ ಹಾರ್ಸ್‌ನಲ್ಲಿ ಅಂಥ ಕ್ಷಣವೇ ಇಲ್ಲ. ನಿಲ್ಲದೆ ಸಾಗುವುದೇ ಅಲ್ಲಿ ಆಟ. ಮುಕ್ಕಾಲು ನಿಮಿಷದ ಆಸುಪಾಸಿನ ಕಸರತ್ತಿನಿಂದ ಎಂಟು ಸೆಕೆಂಡು ಎತ್ತಿ ತೋರಿಸಿದರೆ, ಆಟಗಾರನಿಗೆ ದಣಿವಾದದ್ದು ಎಲ್ಲಿ, ಲಯ ಸ್ವಲ್ಪ ಹಿಂದೆ ಬಿದ್ದದ್ದು ಎಲ್ಲಿ, ಬಿದ್ದ ಲಯವನ್ನು ಹೇಗೆ ಎಳೆದು ತಂದ, ಯಾವುದೂ ತಿಳಿಯುವುದಿಲ್ಲ. ಕಾಲು ತಿರುಗುವುದು ಕಾಣುತ್ತದೆ, ಅಷ್ಟೇ. ಇದರಲ್ಲೇನಿದೆ ಅಂತ ಜನ ಸ್ಕ್ರಾಲ್ ಮಾಡಿ ಮುಂದೆ ಹೋಗುತ್ತಾರೆ. ತಪ್ಪು ಅವರದ್ದಲ್ಲ.

ನೇರ ಪ್ರಸಾರದ ಅನುಭವವನ್ನೂ ಹೇಳಿಬಿಡುತ್ತೇನೆ. ಫೈನಲ್ ನಡೆದದ್ದು 2024ರ ಆಗಸ್ಟ್ 3, ಶನಿವಾರ, ಬೆರ್ಸಿ ಅರೀನಾದಲ್ಲಿ. ನಮ್ಮಲ್ಲಿ ಅವತ್ತು ಎಲ್ಲರ ಬಾಯಲ್ಲೂ ಮನು ಭಾಕರ್. 25 ಮೀಟರ್ ಪಿಸ್ತೂಲ್‌ನಲ್ಲಿ ನಾಲ್ಕನೇ ಸ್ಥಾನ ಬಂದು ಮೂರನೇ ಪದಕ ಕೂದಲೆಳೆಯಲ್ಲಿ ತಪ್ಪಿತ್ತು. ಜಿಮ್ನಾಸ್ಟಿಕ್ಸ್‌ನಲ್ಲಿ ಭಾರತದವರು ಒಬ್ಬರೂ ಇರಲಿಲ್ಲ. ಹಾಗಾಗಿ ರಾತ್ರಿ ಇದನ್ನು ಹುಡುಕಿ ನೋಡಿದವರು ನಮ್ಮಲ್ಲಿ ಕಡಿಮೆಯೇ ಇರಬೇಕು. ನಾನು ನೋಡಿದ ಆ್ಯಪ್‌ನ ಹೆಸರು ಬೇಡ. ಒಬ್ಬ ಇನ್ನೂ ಕುದುರೆಯ ಮೇಲೆ ತಿರುಗುತ್ತಿರುವಾಗಲೇ ಜಾಹೀರಾತು ಬಂತು. ವಾಪಸ್ ಬರುವಷ್ಟರಲ್ಲಿ ಅವನು ಇಳಿದು ಕೋಚ್‌ಗೆ ಕೈಕೊಡುತ್ತಿದ್ದ. ಕ್ರಿಕೆಟ್‌ನಲ್ಲಿ ಬೌಲರ್ ಓಡಿ ಬರುತ್ತಿರುವಾಗ ಹೀಗೆ ಮಾಡಿದರೆ ಸುಮ್ನೆ ಬಿಡುತ್ತಿದ್ದೆವಾ?

ಆದ್ದರಿಂದ ಪೂರ್ತಿ ರೆಕಾರ್ಡಿಂಗ್ ಹುಡುಕಿಕೊಳ್ಳಿ. ಎಂಟೇ ಜನರ ಸ್ಪರ್ಧೆ, ಒಂದು ಸಲ ಕೂತರೆ ಮುಗಿಯುತ್ತದೆ. ಮೊಬೈಲ್‌ನಲ್ಲಿ ಬೇಡ, ಟಿವಿಗೆ ಹಾಕಿ.

ಮೊದಲ ಸಲ ನೋಡುವವರಿಗೆ ಒಂದೇ ಸಲಹೆ. ಕಾಲು ನೋಡಬೇಡಿ, ಕೈ ನೋಡಿ. ಕಾಲಿನ ಮೇಲೇ ಕಣ್ಣು ಹೋಗುತ್ತದೆ, ನಿಜ. ಆದರೆ ಕೆಲಸವೆಲ್ಲ ನಡೆಯುವುದು ಕೆಳಗೆ. ಕುದುರೆಯ ಉದ್ದ 160 ಸೆಂಟಿಮೀಟರ್, ಅಗಲ ಬರೀ 35. ಮೇಲೆ ಎರಡು ಹಿಡಿ. ಇಷ್ಟು ಜಾಗದಲ್ಲಿ ಇಡೀ ಮೈಭಾರ ಒಂದು ಕೈಯಿಂದ ಇನ್ನೊಂದಕ್ಕೆ ದಾಟುತ್ತಲೇ ಇರಬೇಕು. ಕಾಲುಗಳು ಒಂದು ಸುತ್ತು ಬರುವಷ್ಟರಲ್ಲಿ ಎರಡೂ ಕೈ ಒಂದೊಂದು ಸಲ ಎದ್ದು, ಕಾಲಿಗೆ ದಾರಿ ಬಿಟ್ಟು, ಮತ್ತೆ ಸರಿಯಾದ ಜಾಗಕ್ಕೆ ಬಂದು ಕೂತಿರಬೇಕು. ಒಂದಿಷ್ಟು ಆಚೀಚೆ ಆದರೂ ಸೊಂಟ ಬಾಗುತ್ತದೆ, ಮುಂದಿನ ಸುತ್ತು ಕೆಳಗಿಳಿಯುತ್ತದೆ, ಕಾಲು ಕುದುರೆಗೆ ತಾಗುತ್ತದೆ. ಬಿದ್ದರೆ ಒಂದು ಪೂರ್ತಿ ಅಂಕ ಹೋಯಿತು. ಈ ಮಟ್ಟದ ಫೈನಲ್‌ನಲ್ಲಿ ಒಂದು ಅಂಕ ಹೋದರೆ ಪದಕದ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟ ಹಾಗೆ.

ಉತ್ತರ ಕರ್ನಾಟಕದ ಕಡೆ ಮಲ್ಲಗಂಬ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾದೀತು. ಕಂಬದ ಮೇಲೆ ಕಾಲು, ತೊಡೆ, ಕಂಕುಳು, ಎಲ್ಲದರಿಂದಲೂ ಹಿಡಿದು ನಿಲ್ಲಬಹುದು. ಇಲ್ಲಿ ಅಂಗೈ ಬಿಟ್ಟು ಬೇರೇನೂ ತಾಗುವ ಹಾಗಿಲ್ಲ. ಉಸಿರು ತೆಗೆದುಕೊಳ್ಳಲು ನಿಲ್ಲುವ ಹಾಗೂ ಇಲ್ಲ. ತೂಗುವ ಬಳೆ ಹಿಡಿದು ಆಡುವ ರಿಂಗ್ಸ್‌ನಲ್ಲಿ ಅಲ್ಲಾಡದೆ ನಿಂತು ಬಲ ತೋರಿಸಬಹುದು, ನೆಲದ ಹಾಸಿನ ಮೇಲೆ ಆಡುವ ಫ್ಲೋರ್‌ನಲ್ಲಿ ಮೂಲೆಗೆ ಹೋಗಿ ಸುಧಾರಿಸಿಕೊಳ್ಳಬಹುದು. ಕುದುರೆಯ ಮೇಲೆ ಆ ಸೌಲಭ್ಯ ಇಲ್ಲ.

ಒಳಗೊಳಗೆ ವೈವಿಧ್ಯವೂ ಇದೆ. ಎರಡೂ ಕಾಲು ಜೋಡಿಸಿ ತಿರುಗುವುದು ಸರ್ಕಲ್. ಕಾಲುಗಳನ್ನು ಅಗಲಿಸಿ ತಿರುಗಿದರೆ ಫ್ಲೇರ್, ಅಮೆರಿಕದ ಕರ್ಟ್ ಥಾಮಸ್ 1970ರ ದಶಕದಲ್ಲಿ ಹೆಸರು ಮಾಡಿದ್ದು ಇದರಲ್ಲೇ. ಕುದುರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗುತ್ತಲೇ ಸಾಗುವ ಒಂದು ಚಲನೆಗೆ ಹಂಗೇರಿಯ ಝೋಲ್ತಾನ್ ಮಗ್ಯಾರ್ ಹೆಸರಿದೆ, 1976 ಮತ್ತು 1980ರಲ್ಲಿ ಒಲಿಂಪಿಕ್ ಚಿನ್ನ ಗೆದ್ದವನು. ಕತ್ತರಿಯ ಹಾಗೆ ಕಾಲು ಬೀಸುವ ಸಿಸರ್ಸ್ ಕೂಡ ಇರುತ್ತದೆ. ಕೊನೆಗೆ ಹ್ಯಾಂಡ್‌ಸ್ಟ್ಯಾಂಡ್‌ಗೆ ಏರಿ ಇಳಿಯುವುದು. ಕೈಯಲ್ಲಿ ಜೀವ ಉಳಿದಿಲ್ಲದ ಹೊತ್ತಿನಲ್ಲಿ ಅದನ್ನು ಮಾಡಬೇಕು. ಅದಕ್ಕೇ ಕೊನೆಯ ಹತ್ತು ಸೆಕೆಂಡು ತಪ್ಪಿಸಬೇಡಿ.

ಇನ್ನು ಅಂಕ. ಪರದೆಯ ಮೇಲೆ ಬಂದು ಬೇಗ ಹೋಗಿಬಿಡುತ್ತದೆ, ರಿಮೋಟ್ ಕೈಯಲ್ಲೇ ಇರಲಿ. ನೋಡಬೇಕಾದ ಸಂಖ್ಯೆ ಎರಡು. ಡಿ ಅಂದರೆ ಎಷ್ಟು ಕಷ್ಟದ್ದು ಮಾಡಿದ ಅನ್ನುವುದಕ್ಕೆ, ಇ ಅಂದರೆ ಎಷ್ಟು ಚೊಕ್ಕವಾಗಿ ಮಾಡಿದ ಅನ್ನುವುದಕ್ಕೆ. ಇ ಹತ್ತರಿಂದ ಶುರುವಾಗಿ ತಪ್ಪಿಗೊಂದಿಷ್ಟು ಕಡಿತವಾಗುತ್ತಾ ಇಳಿಯುತ್ತದೆ. ಈ ಫೈನಲ್ ನನಗೆ ಇಷ್ಟು ಇಷ್ಟವಾಗಲು ಇದೇ ಕಾರಣ. ಚಿನ್ನ ಗೆದ್ದ ಐರ್ಲೆಂಡ್‌ನ ರೀಸ್ ಮೆಕ್ಲೆನಾಹನ್‌ಗೆ ಡಿ 6.6, ಇ 8.933, ಒಟ್ಟು 15.533. ಬೆಳ್ಳಿಯ ಕಜಕಸ್ತಾನದ ನರಿಮಾನ್ ಕುರ್ಬಾನೊವ್‌ಗೆ ಡಿ 6.7, ಇ 8.733, ಒಟ್ಟು 15.433. ಅಂದರೆ ಹೆಚ್ಚು ಕಷ್ಟದ್ದು ಮಾಡಿದವನು ಎರಡನೆಯವನಾದ. ಕಂಚು ಗೆದ್ದ ಅಮೆರಿಕದ ಸ್ಟೀಫನ್ ನೆಡೊರೊಸಿಕ್‌ನ ಡಿ ಇನ್ನೂ ಕಡಿಮೆ, 6.4. ಆದರೆ ಇ 8.9, ಒಟ್ಟು 15.300. ಅಂಕ ಬಂದ ಮೇಲೆ ಸ್ವಲ್ಪ ಹಿಂದೆ ಹೋಗಿ ಮೆಕ್ಲೆನಾಹನ್‌ನ ಕಾಲ್ಬೆರಳು ನೋಡಿ. ಸುತ್ತು ಎಷ್ಟೇ ಬಂದರೂ ಮೊಣಕಾಲು ಸಡಿಲವಾಗುವುದಿಲ್ಲ, ಸೊಂಟ ಕುಸಿಯುವುದಿಲ್ಲ. ಈಗಷ್ಟೇ ಶುರು ಮಾಡಿದವನ ಹಾಗೆ ಮುಗಿಸುತ್ತಾನೆ. ತುಣುಕಿನಲ್ಲಿ ಇದು ಕಾಣುವುದೇ ಇಲ್ಲ, ಯಾಕೆಂದರೆ ಮೊದಲ ಸುತ್ತನ್ನೂ ಕೊನೆಯ ಸುತ್ತನ್ನೂ ಒಟ್ಟಿಗೆ ನೋಡದೆ ಇದು ದೊಡ್ಡ ವಿಷಯ ಅಂತ ಯಾರಿಗೆ ಗೊತ್ತಾಗಬೇಕು?

ಅವನ ಹಿಂದಿನ ಕಥೆ ಗೊತ್ತಿದ್ದರೆ ರುಚಿ ಜಾಸ್ತಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಈ ಹುಡುಗನಿಗೂ ಆಗಿನ ಒಲಿಂಪಿಕ್ ಚಾಂಪಿಯನ್ ಬ್ರಿಟನ್‌ನ ಮ್ಯಾಕ್ಸ್ ವಿಟ್ಲಾಕ್‌ಗೂ ಸರಿಸಮ ಅಂಕ ಬಂದು, ಚೊಕ್ಕತನದ ಅಂಕ ನೋಡಿ ಚಿನ್ನವನ್ನು ಇವನಿಗೇ ಕೊಟ್ಟರು. ಟೋಕಿಯೊದಲ್ಲಿ ಫೈನಲ್‌ನ ಶುರುವಿನಲ್ಲೇ ಬಿದ್ದ, ಏಳನೇ ಸ್ಥಾನ. ಆಮೇಲೆ 2022ರಲ್ಲಿ ಲಿವರ್‌ಪೂಲ್, 2023ರಲ್ಲಿ ಆಂಟ್ವೆರ್ಪ್, ಎರಡೂ ವಿಶ್ವ ಚಾಂಪಿಯನ್‌ಷಿಪ್ ಚಿನ್ನ. ಪ್ಯಾರಿಸ್‌ನದು ಜಿಮ್ನಾಸ್ಟಿಕ್ಸ್‌ನಲ್ಲಿ ಐರ್ಲೆಂಡ್‌ಗೆ ಬಂದ ಮೊದಲ ಒಲಿಂಪಿಕ್ ಪದಕ.

ವಿಟ್ಲಾಕ್ ಬಗ್ಗೆ ಮನಸ್ಸಿಗೆ ಸ್ವಲ್ಪ ಕಷ್ಟವಾಗುತ್ತದೆ. ಲಂಡನ್‌ನಲ್ಲಿ ಕಂಚು, ರಿಯೊ ಮತ್ತು ಟೋಕಿಯೊದಲ್ಲಿ ಚಿನ್ನ. ಪ್ಯಾರಿಸ್ ತನ್ನ ಕೊನೆಯ ಸ್ಪರ್ಧೆ ಅಂತ ಮೊದಲೇ ಹೇಳಿದ್ದ. 15.200 ಬಂತು, ಕಂಚು 0.1ರಲ್ಲಿ ತಪ್ಪಿತು. ಫೈನಲ್‌ನಲ್ಲಿ ಅವನು ಮಾಡಿದ್ದನ್ನು ಎರಡು ಸಲ ನೋಡಿದೆ. ತೀರ್ಪು ಸರಿಯಾಗೇ ಇದೆ ಅನ್ನಿಸಿತು, ಆದರೂ ಬೇಜಾರು.

ನೆಡೊರೊಸಿಕ್ ಯಾರು ಅಂತ ನಿಮಗೆ ಬಹುಶಃ ಗೊತ್ತು. ಕನ್ನಡಕ ತೆಗೆದಿಟ್ಟು ಕುದುರೆ ಏರುತ್ತಾನಲ್ಲ, ಅವನೇ. ಜುಲೈ 29ರ ತಂಡ ಸ್ಪರ್ಧೆಯಲ್ಲಿ ಅಮೆರಿಕದ ಪರವಾಗಿ ಕಟ್ಟಕಡೆಗೆ ಬಂದು, ಒಂದೇ ಒಂದು ಉಪಕರಣದಲ್ಲಿ ಆಡಿ, 16 ವರ್ಷದ ನಂತರ ಆ ದೇಶದ ಪುರುಷರ ತಂಡಕ್ಕೆ ಪದಕ ಖಚಿತ ಮಾಡಿದವನು. ಆಮೇಲೆ ಇಂಟರ್ನೆಟ್ ತುಂಬ ಅವನದೇ ಮೀಮ್. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತದ್ದು, ಕನ್ನಡಕ ತೆಗೆದರೆ ಸೂಪರ್‌ಮ್ಯಾನ್ ಅನ್ನುವ ಹೋಲಿಕೆ, ಅವನ ರೂಬಿಕ್ಸ್ ಕ್ಯೂಬ್. ತಮಾಷೆ ಚೆನ್ನಾಗೇ ಇತ್ತು, ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಆದರೆ ಲಕ್ಷಾಂತರ ಜನ ಅವನ ಕನ್ನಡಕ ನೋಡಿದರು, ಕಸರತ್ತು ಪೂರ್ತಿ ನೋಡಿದವರು ಎಷ್ಟೋ! ಅವನು 2021ರಲ್ಲೇ ವಿಶ್ವ ಚಾಂಪಿಯನ್. ಕಣ್ಣಿನ ತೊಂದರೆ ಇರುವುದರಿಂದ ಕೈಯ ಸ್ಪರ್ಶವನ್ನೇ ನಂಬಿ ಆಡುತ್ತಾನೆ. ಅದನ್ನು ತಿಳಿದು ಫೈನಲ್‌ನಲ್ಲಿ ಅವನ ಕೈ ಬೀಳುವ ಜಾಗ ನೋಡಿ, ಮೀಮ್ ಮರೆತುಹೋಗುತ್ತದೆ.

ಈಗ ಅರ್ಧ ಅಂಕ ಯಾಕೆ ಕಡಿಮೆ ಅನ್ನುವುದು. ಕ್ಯಾಮೆರಾ. ಪಕ್ಕದಿಂದ, ದೂರದಿಂದ ಇಟ್ಟ ಶಾಟ್ ಚೆನ್ನಾಗಿದೆ, ಇಡೀ ಮೈ ಕಾಣುತ್ತದೆ. ಅಲ್ಲಿಗೇ ಬಿಟ್ಟಿದ್ದರೆ ಸಾಕಿತ್ತು. ನಡುನಡುವೆ ಹತ್ತಿರಕ್ಕೆ ಹೋದಾಗ ಕಾಲಿನ ಅರ್ಧ ಚೌಕಟ್ಟಿನಿಂದ ಆಚೆ ಹೋಗುತ್ತದೆ, ಕಣ್ಣು ಮತ್ತೆ ಹೊಂದಿಕೊಳ್ಳುವಷ್ಟರಲ್ಲಿ ಒಂದೆರಡು ಸುತ್ತು ಕಳೆದಿರುತ್ತದೆ. ಹತ್ತಿರ ಹೋಗುವುದಾದರೆ ಕೈಗೆ ಹೋಗಬೇಕು, ಮುಖಕ್ಕಲ್ಲ. ಸ್ಲೋ ಮೋಷನ್‌ನಲ್ಲೂ ಇಳಿಯುವುದಕ್ಕೇ ಪ್ರಾಮುಖ್ಯ ಜಾಸ್ತಿ. ನಾನು ಕೇಳಿದ ಇಂಗ್ಲಿಷ್ ಕಾಮೆಂಟರಿಯವರು ಕಸರತ್ತಿನ ಹೊತ್ತಿಗೆ ಹೆಚ್ಚು ಮಾತಾಡದೆ ಇದ್ದದ್ದು ಪುಣ್ಯ. ಬೇಕಿದ್ದರೆ ಧ್ವನಿ ಪೂರ್ತಿ ತೆಗೆದೂ ನೋಡಬಹುದು, ಆದರೆ ಅಂಗೈ ಕುದುರೆಗೆ ತಟ್ಟುವ ಸದ್ದು ಹೋಗಿಬಿಡುತ್ತದೆ. ಲಯ ಹಿಡಿಯಲು ಆ ಸದ್ದೇ ಒಳ್ಳೆಯ ಸಹಾಯ, ನಾನಂತೂ ತೆಗೆಯುವುದಿಲ್ಲ.

ಮನೆಯಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುವ ಮಕ್ಕಳಿದ್ದರೆ ಖಂಡಿತ ಒಟ್ಟಿಗೆ ಕೂರಿಸಿ ನೋಡಿ. ಬರೀ ಹಾರಾಟ, ಪಲ್ಟಿ ಬೇಕು ಅನ್ನುವವರಿಗೆ ಅದೇ ದಿನದ ಪುರುಷರ ಫ್ಲೋರ್ ಫೈನಲ್ ಇದೆ, ಫಿಲಿಪೈನ್ಸ್‌ನ ಕಾರ್ಲೋಸ್ ಯೂಲೊ ಚಿನ್ನ ಗೆದ್ದದ್ದು. ಅದೂ ಚೆನ್ನಾಗಿದೆ, ಅದನ್ನು ಕತ್ತರಿಸಿ ನೋಡಿದರೂ ಅಡ್ಡಿಯಿಲ್ಲ.

ಇನ್ನೊಂದು ವಿಷಯ, ಹೊಸ ಸ್ಪರ್ಧೆಗಳನ್ನು ಇದರ ಜೊತೆ ಹೋಲಿಸಿ ನೋಡುವವರಿಗೆ. 2025ರಿಂದ ನಿಯಮ ಬದಲಾಗಿದೆ. ಪ್ಯಾರಿಸ್‌ನಲ್ಲಿ ಲೆಕ್ಕಕ್ಕೆ ಬರುತ್ತಿದ್ದ ಚಲನೆಗಳು 10, ಈಗ 8. ಹಾಗಾಗಿ ಡಿ ಇಳಿದಿದೆ, ಹೊಸ ಫೈನಲ್‌ನಲ್ಲಿ 14ರ ಆಸುಪಾಸು ಅಂಕ ಕಂಡು, ಇವರು ಮೆಕ್ಲೆನಾಹನ್‌ಗಿಂತ ಕಳಪೆ ಅಂತ ತೀರ್ಮಾನ ಮಾಡಬೇಡಿ. ಡಿ ಪಕ್ಕಕ್ಕಿಟ್ಟು ಇ ಮಾತ್ರ ಹೋಲಿಸಿ.