ಆಟದ ಪತ್ರಿಕೆ ಮಾರಾಕ ರೀಲ್ಸ್ ಬೂಸ್ಟೋ, ಹೊರದೇಶದ ಸೈಟೋ, ಚಾದಂಗಡಿ ಟೇಬಲ್ಲೋ?

ಮೊದಲ ಹೇಳಿಬಿಡ್ತೀನಿ, ನನ್ನ ಓಟು ಟೇಬಲ್ಲಿಗೆ, ಅಂದ್ರ ಚಾದಂಗಡ್ಯಾಗ ಮಂದಿನ್ನ ಕುಂಡ್ರಿಸಿ ಆಟ ಆಡಿಸಿ ಪತ್ರಿಕೆ ಮಾರೂದಕ್ಕ. ಉಳಿದದ್ದು ಯಾಕ ಬ್ಯಾಡ ಅನ್ನೂದು ಕೆಳಗ ಐತಿ.

ನಾವು ಒಂದೆರಡು ದೋಸ್ತರು ಧಾರವಾಡದಾಗ ಕುಂತು ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದ ಸಣ್ಣ ಮ್ಯಾಗಝೀನ್ ಕನ್ನಡದಾಗ ತರ್ತೀವಿ. ಆಟ ಅಂದ್ರ, ಟೇಬಲ್ ಸುತ್ತ ಕುಂತು ಒಬ್ಬಂವ ಕಥಿ ನಡಸ್ತಾನ, ಉಳಿದವರು ಒಂದೊಂದು ಪಾತ್ರ ಆಗಿ ನಾ ಹಿಂಗ ಮಾಡ್ತೀನಿ ಅಂತ ಹೇಳಿ ದಾಳ ಒಗೀತಾರ. 32 ಪುಟ, ಕಪ್ಪು-ಬಿಳಿ, ನಡುವ ಎರಡು ಪಿನ್ನು, 80 ರೂಪಾಯಿ. ಅಚ್ಚು ಗದಗಿನಾಗ, ಯಾಕಂದ್ರ ಅಲ್ಲಿ ಪ್ರೆಸ್ಸಿಗೇನೂ ಬರ ಇಲ್ಲ, ನಮ್ಮಂಥ ಸಣ್ಣ ಆರ್ಡರಿಗೂ ಮುಖ ಸಿಂಡರಿಸಂಗಿಲ್ಲ. ಈ ನಮೂನಿ ಆಟದಾಗ ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಮೆರಿಕಾದಾಗ 1974ರಾಗ ಬಂದಿದ್ದು, ಐವತ್ತು ವರ್ಷ ದಾಟೇತಿ, ಆದ್ರೂ ನಮ್ಮ ಕಡೆ ರೋಲ್‌ಪ್ಲೇ ಆಟ ಅಂದ್ರ ಅರ್ಧ ಮಂದಿ ಮೊಬೈಲ್ ಗೇಮ್ ಅನ್ಕೊಂತಾರ, ಉಳಿದವರು ನಾಟಕ ಅನ್ಕೊಂತಾರ. ಅಂದ್ರ ಪತ್ರಿಕೆ ಮಾರೂಕಿಂತ ಮೊದಲ ಆಟ ಅಂದ್ರೇನು ಅಂತ ತಿಳಿಸಬೇಕು, ಪ್ರಚಾರದ ತ್ರಾಸೆಲ್ಲಾ ಅಲ್ಲೇ ಇರೂದು.

ರೀಲ್ಸ್ ಬೂಸ್ಟ್, ಅಂದ್ರ ರೊಕ್ಕ ಕೊಟ್ಟು ನಮ್ಮ ಸಣ್ಣ ವಿಡಿಯೋ ಹೆಚ್ಚು ಮಂದಿಗೆ ತೋರಸೂದು, ಇದನ್ನ ತಿಳಸಂಗಿಲ್ಲ. ರೊಕ್ಕ ಹಾಕಿ, ಅದರ ಮ್ಯಾಲ 18% ಜಿಎಸ್‌ಟಿ ಕೊಟ್ಟು, ಇಪ್ಪತ್ತು ಮುಖದ ದಾಳ ಉರುಳೂ ವಿಡಿಯೋ ಬಿಟ್ವಿ. ವ್ಯೂಸ್ ಬಂದ್ವು ಖರೇ. ಕಮೆಂಟ್ ನೋಡಿದ್ರ "ಡೌನ್‌ಲೋಡ್ ಲಿಂಕ್ ಕಳ್ಸಿ ಬ್ರೋ", "ಐಫೋನ್‌ನಾಗ ಬರ್ತೈತೇನ್ರಿ". ನಮ್ಮ ಓಣಿ ಕಾಕಾ ಒಬ್ರು ದಾಳದ ಮ್ಯಾಲಿನ ನಂಬರ್ ನೋಡಿ ಇದೇನು ಓಸಿ (ಮಟ್ಕಾ ಜೂಜು) ಆಡಸೂ ಹೊಸಾ ನಮೂನಿಯೇನಲೇ ಅಂತ ಕೇಳಿದ್ರು.

ಇನ್ನ ಹೊರದೇಶದ ಸೈಟು. ಇಂಡೀ ಆಟದವರು, ಅಂದ್ರ ದೊಡ್ಡ ಕಂಪನಿ ಇಲ್ದ ತಾವ ಆಟ ಮಾಡೋರು, ಪಿಡಿಎಫ್ ಮಾರೂ ಸೈಟ್ ಭಾಳ ಅದಾವ, ಹೆಸರು ಬ್ಯಾಡ. ಪೇಜ್ ಚಂದ ಕಾಣ್ತೈತಿ, ಫೈಲ್ ಏರಸೂದು ಸುಲಭ. ಸಿಕ್ಕೊಂಡಿದ್ದು ರೊಕ್ಕ ಕೊಡೂ ಜಾಗದಾಗ. ಸಪ್ತಾಪುರದಾಗ ರೂಮ್ ಮಾಡ್ಕೊಂಡು ಪಿಎಸ್‌ಐ ಪರೀಕ್ಷಾಕ್ಕ ಓದೂ ಹುಡುಗ ಒಬ್ಬಂವ ತಗೋತೀನಿ ಅಂದ. ರೇಟು 2 ಡಾಲರ್. ಪುಟದಾಗ ಯುಪಿಐ ಕಾಣವಲ್ದು. ಸರಿ ಅಂತ ಡೆಬಿಟ್ ಕಾರ್ಡ್ ನಂಬರ್ ಹೊಡದ, ಆಗಲಿಲ್ಲ. ಯಾಕಂದ್ರ 2020ರಾಗ ಆರ್‌ಬಿಐ ಮಾಡಿದ ನಿಯಮದ ಪ್ರಕಾರ ಹೊಸಾ ಕಾರ್ಡಿನಾಗ ಹೊರದೇಶದ ವ್ಯವಹಾರ ಬಂದ್ ಆಗೇ ಬರ್ತೈತಿ, ನಾವ ಕೇಳಿ ಚಾಲೂ ಮಾಡಿಸ್ಕೋಬೇಕು. ನಿಯಮ ಚಲೋನ ಐತಿ, ಮಂದಿ ರೊಕ್ಕ ಉಳೀತೈತಿ, ಆದ್ರ ಎರಡು ಡಾಲರಿನ ಪಿಡಿಎಫ್‌ಗೋಸ್ಕರ ಯಾವ ಹುಡುಗ ಬ್ಯಾಂಕಿನ ಆ್ಯಪ್ ಒಳಗ ಹೊಕ್ಕು ಸೆಟ್ಟಿಂಗ್ ಹುಡುಕ್ಯಾನ? ಈ ಹುಡುಗ ಹುಡುಕಿದ ಅನ್ರಿ. ಚಾಲೂನೂ ಮಾಡಿದ, ಮತ್ತೂ ಆಗಲಿಲ್ಲ. ಕಡೀಕ ಫೋನ್ ಹಚ್ಚಿ "ಅಣ್ಣಾ, ನಿಮ್ಮ ಫೋನ್‌ಪೇ ನಂಬರ್ ಹೇಳ್ರಿ, ಪಿಡಿಎಫ್ ವಾಟ್ಸಾಪಿಗೆ ಬಿಡ್ರಿ" ಅಂದ. ಬಿಟ್ಟೆ. ಸಂಜೀಕ ಅದ ಪಿಡಿಎಫ್ ಅವನ ಪಿಜಿ ಗ್ರೂಪಿನಾಗ ಪುಗಸಟ್ಟೆ ತಿರುಗ್ಯಾಡಾಕತ್ತಿತ್ತು.

ನಮ್ಮ ಕಡೆಯಿಂದ ನೋಡಿದ್ರೂ ಅಷ್ಟ. ಇಂಥಾ ಸೈಟಿನಾಗ ರೊಕ್ಕ ಕೊಡಾಕ ತಗೋಳಾಕ ನಡಿಯೂ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ಪೇಮೆಂಟ್ ನಿಲ್ಲಿಸೇತಿ, ಹೊರಗಿನಿಂದ ಬರೂ ರೊಕ್ಕ ಅಷ್ಟ ಬರ್ತೈತಿ. ಹಿಂಗಾಗಿ ಧಾರವಾಡದಂವ ಹುಬ್ಬಳ್ಳಿಯಂವಗ ಅದರಾಗ ರೊಕ್ಕ ಕಳಸಾಕ ಬರಂಗಿಲ್ಲ. ಇಂಗ್ಲಿಷ್‌ನಾಗ ಬರದು ಹೊರದೇಶದವರಿಗೆ ಮಾರೋರು ಕಣ್ಣು ಮುಚ್ಚಿ ಆ ಸೈಟಿಗೆ ಹೋಗ್ರಿ, ನಾನೂ ಅದನ್ನ ಹೇಳ್ತಿದ್ದೆ. ನಮ್ಮದು ಕನ್ನಡ ಪತ್ರಿಕೆ, ಓದೋರೆಲ್ಲಾ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ದಾರಿ ಮ್ಯಾಲ ಅದಾರ.

ಮಂದಿ ಕಡಿಂದ ಮೊದಲ ರೊಕ್ಕ ಕೂಡಸೂ ಕಿಕ್‌ಸ್ಟಾರ್ಟರ್ ಸೈಟಿನಾಗ ಇಂಥಾ ಸಣ್ಣ ಪತ್ರಿಕೆಗೇ ಅಂತ 2019ರಾಗ ಝೀನ್ ಕ್ವೆಸ್ಟ್ ಅನ್ನೂ ಅಭಿಯಾನ ಶುರು ಆತು, ಆದ್ರ ಭಾರತದಾಗ ಕುಂತು ಅಲ್ಲಿ ಪ್ರಾಜೆಕ್ಟ್ ತೆಗಿಯಾಕ ಬರಂಗಿಲ್ಲ, ಮಾತು ಮುಗೀತು. ವಾಟ್ಸಾಪ್ ಸ್ಟೇಟಸ್: ಬೀಗರು ನೋಡ್ತಾರ, ತಗೊಳ್ಳಂಗಿಲ್ಲ. ಕಾಲೇಜ್ ಗ್ವಾಡಿಗೆ ಪೋಸ್ಟರ್: ಮರುದಿನ ಅದರ ಮ್ಯಾಲ ಕೋಚಿಂಗ್ ಪೋಸ್ಟರ್.

ಈಗ ಟೇಬಲ್. ಸಪ್ತಾಪುರದಾಗ ಗುರ್ತಿನ ಚಾದಂಗಡಿ ಐತಿ, ಮಧ್ಯಾಹ್ನ ಮೂರರಿಂದ ಐದು ಖಾಲಿನ ಇರ್ತೈತಿ. ಮಾಲಕರದು ಒಂದ ಕಂಡೀಷನ್, ಕುಂತವರೆಲ್ಲಾ ಚಾ ಮಿರ್ಚಿ ತಗೋಬೇಕು. ಪತ್ರಿಕೆಯೊಳಗಿನ ಒಂದ ಪುಟದ ಸಾಹಸ ಆಡಸ್ತೀವಿ. ಕಥಿ ಹಿಂಗೈತಿ: ಸವಣೂರಿನಾಗ ದೊಡ್ಡಹುಣಸಿಮರ ಅದಾವಲ್ಲ, ಆ ಬಾವೋಬಾಬ್ ಗಿಡ, ಅದರ ಪೊಟರ್ಯಾಗ ನವಾಬರ ಖಜಾನೆ ಕದ್ದ ಕಳ್ಳ ಅಡಗ್ಯಾನ. ಮೊದಲಿನ ಐದು ನಿಮಿಷ ಎಲ್ಲಾರೂ ನಾಚ್ಕೋತಾರ. ಆಮ್ಯಾಲ ಅದ ಪಿಎಸ್‌ಐ ಹುಡುಗ "ನಾ ಹೊಡಿಯಂಗಿಲ್ರಿ, ಕಳ್ಳನ ಕೂಡ ಮಾತಾಡ್ತೀನಿ" ಅಂತ ದಾಳ ಒಗದ. ಬಿದ್ದಿದ್ದು ಬರೇ 3, ಮಾತು ಫಲಿಸಲಿಲ್ಲ. ಕಳ್ಳ ಅವನ ಚಪ್ಪಲಿನೂ ಹೊಡ್ಕೊಂಡು ಹೋದ ಅಂದೆ, ಟೇಬಲ್ ಸುತ್ತ ಇದ್ದವರೆಲ್ಲಾ ಹೋ ಅಂದ್ರು, ಬಾಜೂ ಟೇಬಲ್ಲಿನವರು ಕುರ್ಚಿ ಎಳ್ಕೊಂಡು ಬಂದ್ರು. ಆಟ ಮುಗದಮ್ಯಾಲ ಮುಂದಿನ ಪುಟದಾಗ ಏನೈತಿ ಅಂತ ಅವರ ಕೇಳ್ತಾರ, ಹಿಂದಿನ ರಟ್ಟಿನ ಮ್ಯಾಲ ಯುಪಿಐ ಕ್ಯೂಆರ್ ಅಚ್ಚು ಹಾಕಸೀವಿ, ಸ್ಕ್ಯಾನ್ ಮಾಡಿ ಒಯ್ತಾರ. ಅಚ್ಚಿನ ಪ್ರತಿ ಗ್ರೂಪಿಗೆ ಫಾರ್ವರ್ಡ್ ಮಾಡಾಕೂ ಬರಂಗಿಲ್ಲ.

ಟೇಬಲ್ಲಿಗೂ ಕೊರತಿ ಐತಿ. ಒಂದ ಸಲಕ್ಕ ನಾಲ್ಕೈದು ಮಂದಿ ಅಷ್ಟ, ಗಂಟಲು ಬೀಳ್ತೈತಿ, ಬೆಂಗಳೂರಿನ ಓದುಗರಿಗೆ ಇದು ಮುಟ್ಟಂಗಿಲ್ಲ. ನನಗ ಆಯಿತವಾರ ರಜಾ, ಮಾತಾಡೂ ಚಟ ಮೊದಲಿಂದ ಐತಿ, ಖರ್ಚು ಅಂದ್ರ ನಮ್ಮ ಚಾ ಮಿರ್ಚಿದ್ದಷ್ಟ, ಅದಕ್ಕ ನನಗ ಹೊಂದ್ತೈತಿ. ಮಂದಿ ಮುಂದ ಬಾಯಿ ಬಿಡಾಕ ಬ್ಯಾಸರ ಇದ್ದವರು ಮಾತಾಡೂ ದೋಸ್ತನ್ನ ಹಿಡ್ಕೊಂಡು ಬರ್ರಿ.

ಮುಂದಿನ ಸಂಚಿಕೆಗೆ ಹುಬ್ಬಳ್ಳಿ ವಿದ್ಯಾನಗರದಾಗೂ ಒಂದು ಜಾಗ ನೋಡಾಕತ್ತೀವಿ. ಬೂಸ್ಟಿಗೆ ಇಟ್ಟಿದ್ದ ರೊಕ್ಕ ದಾಳಕ್ಕ ಹೋಗ್ತೈತಿ, ಇದ್ದ ಒಂದ ಸೆಟ್ಟಿನಾಗ ಎಂಟು ಮುಖದ್ದನ್ನ ಯಾರೋ ಕಿಸೆದಾಗ ಹಾಕ್ಕೊಂಡು ಹೋಗ್ಯಾರ.