ಗುಡ್ಡದ ನೀರಿನ ಲೈನಿಗೆ ಎಲೆಕ್ಟ್ರೋಫ್ಯೂಷನ್ ಕಪ್ಲರ್: ಏಳು ಮಳೆಗಾಲದ ಬಳಕೆಯ ನಂತರ

ಹೊಸನಗರ ತಾಲ್ಲೂಕಿನ ನಗರ ಹೋಬಳಿಯಲ್ಲಿರುವ ನಮ್ಮ ಅಡಿಕೆ ತೋಟಕ್ಕೆ ನೀರು ಬರುವುದು ಮೇಲಿನ ಗುಡ್ಡದ ಅಬ್ಬಿಯಿಂದ. ಪಂಪಿನ ಅಗತ್ಯವಿಲ್ಲ. ಅಬ್ಬಿಗೂ ತೋಟದ ತೊಟ್ಟಿಗೂ ನಡುವೆ ಸುಮಾರು 45 ಮೀಟರ್ ಎತ್ತರದ ವ್ಯತ್ಯಾಸವಿದ್ದು, 900 ಮೀಟರ್ ಉದ್ದದ 63 ಮಿಲಿಮೀಟರ್ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪೈಪಿನಲ್ಲಿ ನೀರು ತಾನಾಗಿಯೇ ಇಳಿದು ಬರುತ್ತದೆ. 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಒತ್ತಡ ಎಂಬ ಲೆಕ್ಕದಲ್ಲಿ, ಕೆಳಗಿನ ವಾಲ್ವ್ ಮುಚ್ಚಿದಾಗ ತುದಿಯ ಜಾಯಿಂಟುಗಳು ನಾಲ್ಕೂವರೆ ಕೆಜಿ ಒತ್ತಡವನ್ನು ತಡೆಯಬೇಕು. ಹಳೆಯ ಲೈನಿನಲ್ಲಿ ತವೆಯ ಮೇಲೆ ಕಾಯಿಸಿ ಅಂಟಿಸಿದ ಜಾಯಿಂಟುಗಳೂ ನಟ್ಟು ತಿರುಗಿಸಿ ಬಿಗಿಯುವ ಕಂಪ್ರೆಶನ್ ಕಪ್ಲರುಗಳೂ ಬೆರೆತಿದ್ದವು. ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿಯುವುದು ಪ್ರತಿ ಬೇಸಿಗೆಯ ಕೆಲಸವಾಗಿತ್ತು. 2018ರಲ್ಲಿ ಲೈನನ್ನು ಹೊಸದಾಗಿ ಹೂಳಿಸಿದಾಗ ಹದಿನಾಲ್ಕು ಕಡೆ, ವಿದ್ಯುತ್ತಿನಿಂದ ಕಾಯಿಸಿ ಪೈಪುಗಳನ್ನು ಬೆಸೆಯುವ ಎಲೆಕ್ಟ್ರೋಫ್ಯೂಷನ್ ಕಪ್ಲರ್ ಹಾಕಿಸಿದೆ. ಅವುಗಳಲ್ಲಿ ಹದಿಮೂರು ಇಂದಿಗೂ ಒಂದು ಹನಿ ಸೋರಿಲ್ಲ.

ಎಚ್‌ಡಿಪಿಇ ಪೈಪಿಗೆ ಪಿವಿಸಿಗೆ ಹಚ್ಚುವಂತಹ ಸಲ್ಯೂಷನ್ ಹಿಡಿಯುವುದಿಲ್ಲ. ಅದನ್ನು ಕರಗಿಸಿಯೇ ಬೆಸೆಯಬೇಕು, ಇಲ್ಲವೇ ಹೊರಗಿನಿಂದ ಬಿಗಿದು ಹಿಡಿಯಬೇಕು. ಈ ಕಪ್ಲರಿನ ಒಳಮೈಯಲ್ಲಿ ತೆಳುವಾದ ತಂತಿಯ ಸುರುಳಿ ಹುದುಗಿರುತ್ತದೆ. ಎರಡೂ ಕಡೆಯಿಂದ ಪೈಪು ತೂರಿಸಿ, ಮೆಷಿನ್ನಿನ ಎರಡು ವೈರುಗಳನ್ನು ಸಿಕ್ಕಿಸಿದರೆ 40 ವೋಲ್ಟಿನ ಆಸುಪಾಸಿನ ವಿದ್ಯುತ್ ಹರಿದು ಸುರುಳಿ ಕಾಯುತ್ತದೆ. ಪೈಪಿನ ಹೊರಮೈ ಮತ್ತು ಕಪ್ಲರಿನ ಒಳಮೈ ಒಟ್ಟಿಗೆ ಕರಗಿ, ಆರಿದ ಮೇಲೆ ಒಂದೇ ಪ್ಲಾಸ್ಟಿಕ್ ಆಗುತ್ತವೆ. ಎಷ್ಟು ಸೆಕೆಂಡ್ ಕಾಯಿಸಬೇಕು, ಎಷ್ಟು ನಿಮಿಷ ಆರಲು ಬಿಡಬೇಕು ಎಂಬುದು ಕಪ್ಲರಿನ ಮೇಲೆಯೇ ಇರುತ್ತದೆ, ಮೆಷಿನ್ ಅದನ್ನು ಬಾರ್‌ಕೋಡ್‌ನಿಂದ ಓದಿಕೊಳ್ಳುತ್ತದೆ. ಸುತ್ತಲಿನ ಉಷ್ಣತೆಯನ್ನೂ ಅಳೆದು ಸಮಯವನ್ನು ಹೊಂದಿಸಿಕೊಳ್ಳುವುದರಿಂದ, ಪೈಪು ಬಿಸಿಲಿನಲ್ಲಿದ್ದು ಮೆಷಿನ್ ಜೀಪಿನ ನೆರಳಿನಲ್ಲಿರುವುದು ಸರಿಯಲ್ಲ.

ಕೈಕೊಟ್ಟ ಆ ಒಂದು ಜಾಯಿಂಟಿನಿಂದ ನಾನು ಕಲಿತದ್ದೇ ಹೆಚ್ಚು. ಎರಡನೆಯ ವರ್ಷದ ಬೇಸಿಗೆಯಲ್ಲಿ ದರೆಯ ಅಂಚಿನ ಮಣ್ಣು ಒದ್ದೆಯಾಗಿರುವುದು ಕಂಡು ಅಗೆದು ನೋಡಿದರೆ, ಕಪ್ಲರಿನ ಬಾಯಿಯಿಂದ ನೀರು ಎಳೆಯಾಗಿ ಜಿನುಗುತ್ತಿತ್ತು. ಅದನ್ನು ಕತ್ತರಿಸಿ ತಂದು, ಮನೆಯ ಜಗಲಿಯಲ್ಲಿ ಗರಗಸದಿಂದ ಉದ್ದಕ್ಕೆ ಸೀಳಿದೆ. ಪೈಪು ಒಣ ಅಡಿಕೆಯ ಸಿಪ್ಪೆ ಬಿಟ್ಟಂತೆ ಕಳಚಿಕೊಂಡಿತು. ಅದರ ಮೈ ಹೊಳೆಯುತ್ತಿತ್ತು. ಕಾರ್ಖಾನೆಯಲ್ಲಿ ಅಚ್ಚಾದ ಐಎಸ್ 4984 ಎಂಬ ಅಕ್ಷರಗಳನ್ನು ಕಪ್ಲರಿನೊಳಗೆ ಹೋಗಿದ್ದ ಭಾಗದಲ್ಲಿಯೂ ಸ್ಪಷ್ಟವಾಗಿ ಓದಬಹುದಿತ್ತು. ಅಂದರೆ ಅಲ್ಲಿ ಪೈಪನ್ನು ಕೆರೆದೇ ಇರಲಿಲ್ಲ. ಗಾಳಿ ಬಿಸಿಲಿಗೆ ತೆರೆದ ಪೈಪಿನ ಹೊರಮೈಯಲ್ಲಿ ಆಕ್ಸಿಡೀಕರಣಗೊಂಡ ತೆಳು ಪದರವೊಂದಿರುತ್ತದೆ, ಅದು ಬೆಸುಗೆಗೆ ಒಗ್ಗುವುದಿಲ್ಲ. ಸುಮಾರು 0.2 ಮಿಲಿಮೀಟರಿನಷ್ಟು ದಪ್ಪವನ್ನು ಸುತ್ತಲೂ ಕೆರೆದು ತೆಗೆಯಲೇಬೇಕು. ಹಾಕುವ ದಿನ ನಾನು ಈ ಬಗ್ಗೆ ಕೇಳಿದ್ದೆ. ‘ಗೌಡ್ರೇ, ಮೆಷಿನ್ನೇ ಓಕೆ ಅಂತ ತೋರಿಸ್ತಿದೆಯಲ್ಲ’ ಎಂದು ಕೆಲಸದವರು ಹೇಳಿದ್ದರು. ಕಪ್ಲರಿನ ಸೂಚಕ ಗುಬುಟು ಕೂಡ ಮೇಲೆದ್ದಿತ್ತು. ಸುರುಳಿಗೆ ಸರಿಯಾದ ವಿದ್ಯುತ್ ಹೋಗಿದೆ, ಪ್ಲಾಸ್ಟಿಕ್ ಕರಗಿ ಉಬ್ಬಿದೆ ಎಂದಷ್ಟೇ ಅವೆರಡೂ ಹೇಳಬಲ್ಲವು. ಬೆಸೆದಿದೆಯೇ ಎಂಬುದು ಅವುಗಳಿಗೆ ಗೊತ್ತಾಗುವುದಿಲ್ಲ.

ಅಂದಿನಿಂದ ಕಪ್ಲರಿನೊಳಗೆ ಹೋಗುವಷ್ಟು ಉದ್ದಕ್ಕೆ ಪೈಪಿನ ಸುತ್ತ ಮಾರ್ಕರಿನಿಂದ ಅಡ್ಡಾದಿಡ್ಡಿ ಗೆರೆ ಎಳೆಸುತ್ತೇನೆ. ಒಂದು ಗೆರೆಯೂ ಉಳಿಯದಂತೆ ಸ್ಕ್ರೇಪರಿನಿಂದ ಕೆರೆಯಬೇಕು. ಉಪ್ಪುಕಾಗದದಿಂದ ಉಜ್ಜುವುದು ಇದಕ್ಕೆ ಸಮನಲ್ಲ. ಕೆರೆದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಶುಭ್ರ ಬಟ್ಟೆಯಿಂದ ಒರೆಸಿ, ಆರಿದ ನಂತರ ಆ ಜಾಗವನ್ನು ಬೆರಳಿನಿಂದಲೂ ಮುಟ್ಟಬಾರದು. ತೋಟದಲ್ಲಿ ಮಣ್ಣಿನ ಕೈ, ಮೈಲುತುತ್ತದ ಕೈ ತಪ್ಪಿದ್ದಲ್ಲವಾದ್ದರಿಂದ ಇದನ್ನು ಪ್ರತಿ ಸಲವೂ ನೆನಪಿಸಬೇಕಾಗುತ್ತದೆ. ಸುತ್ತಿ ಕಟ್ಟಿದ ಕಟ್ಟಿನಿಂದ ಬಿಚ್ಚಿದ ಪೈಪು ಮೊಟ್ಟೆಯಾಕಾರಕ್ಕೆ ತಿರುಗಿರುವುದೂ ಉಂಟು, ಕ್ಲ್ಯಾಂಪ್ ಹಾಕಿ ಗುಂಡಗೆ ಮಾಡಿಕೊಳ್ಳಬೇಕು.

ರಿಪೇರಿಯಲ್ಲಿ ಇದರ ನಿಜವಾದ ಕಷ್ಟ ತಿಳಿಯುತ್ತದೆ. ಮುಳ್ಳುಹಂದಿ ಕಡಿದ ಜಾಗದಲ್ಲಿ ಪೈಪನ್ನು ಒಂದೆರಡು ಅಡಿ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಲು ಒಳಗೆ ನಡುವಿನಲ್ಲಿ ಪೈಪನ್ನು ನಿಲ್ಲಿಸುವ ತಡೆ ಇಲ್ಲದ ಕಪ್ಲರ್ ಬೇಕು. ಎರಡು ಕಪ್ಲರುಗಳನ್ನು ಪೂರ್ತಿಯಾಗಿ ಪೈಪಿನ ಮೇಲೆ ಜಾರಿಸಿಟ್ಟು, ತುಂಡು ಕೂರಿಸಿದ ಮೇಲೆ ಗುರುತಿಗೆ ಸರಿಯಾಗಿ ವಾಪಸು ಎಳೆಯಬೇಕು. ಹೀಗೆ ಜಾರುವಷ್ಟು ಉದ್ದವೂ ಕೆರೆದು ಶುಭ್ರವಾಗಿರಬೇಕು. ಇಷ್ಟಾದರೂ ನೀರಿನ ಕಾಟ ತಪ್ಪುವುದಿಲ್ಲ. ಅಬ್ಬಿಯ ಬಾಯಿ ಮುಚ್ಚಿ, ಕೆಳಗಿನ ವಾಲ್ವ್ ತೆರೆದು ಗಂಟೆಗಟ್ಟಲೆ ಕಾದರೂ ತಗ್ಗುಗಳಲ್ಲಿ ನಿಂತ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಒಂದು ಹನಿ ಸುರುಳಿಯ ಬಳಿಗೆ ಹೋದರೆ ಆವಿಯಾಗಿ ಬೆಸುಗೆಯಲ್ಲಿ ಗುಳ್ಳೆ ಉಳಿಯುತ್ತದೆ. ನಾವು ಗುಂಡಿಯನ್ನು ಮೇಲ್ಗಡೆಗೆ ನಾಲ್ಕು ಮೀಟರ್ ಉದ್ದಕ್ಕೆ ಬಿಡಿಸಿ, ಪೈಪನ್ನು ನೆಲದಿಂದ ಕಮಾನಿನಂತೆ ಎತ್ತಿ ಕಟ್ಟಿ ನೀರನ್ನು ಹಿಂದೆ ತಡೆಯುತ್ತೇವೆ. ಆಷಾಢದ ಮಳೆಯಲ್ಲಿ ತಾಡಪಾಲು ಕಟ್ಟಿ ಪ್ರಯತ್ನಿಸಿದ್ದೂ ಉಂಟು. ಗಾಳಿಯೊಂದಿಗೆ ಬರುವ ಇರಚಲಿಗೆ ತಾಡಪಾಲು ಸಾಲದು. ಈಗ ಮಳೆಗಾಲದ ರಿಪೇರಿಗೆ ಕಂಪ್ರೆಶನ್ ಕಪ್ಲರ್ ಹಾಕಿ, ದೀಪಾವಳಿಯ ನಂತರ ಅದನ್ನು ಕತ್ತರಿಸಿ ಬೆಸೆಯುತ್ತೇನೆ.

ಮೆಷಿನ್ ಬಾಡಿಗೆಗೆ ಬರುತ್ತದೆ, ಜೊತೆಗೆ ಜನರೇಟರ್ ಕೂಡ ಬೇಕು. ನಮ್ಮ ಕರೆಂಟ್ ಲೈನಿನ ಲೋ ವೋಲ್ಟೇಜಿನಲ್ಲಿ ಒಮ್ಮೆ ನಡುವೆಯೇ ಮೆಷಿನ್ ನಿಂತು ಹೋಯಿತು. ಅರ್ಧ ಕರಗಿದ ಆ ಕಪ್ಲರನ್ನು ನಂಬದೆ ಕತ್ತರಿಸಿ ತೆಗೆದೆ. ಕಪ್ಲರಿನ ಬೆಲೆ, ಬಾಡಿಗೆ, ಕೂಲಿ ಸೇರಿದರೆ ಒಂದೆರಡು ಜಾಯಿಂಟಿಗಾಗಿ ಇದನ್ನು ಕರೆಸುವುದು ದುಬಾರಿಯೇ. ತೋಟದೊಳಗೆ ನೆಲದ ಮೇಲೆ ಹಾದುಹೋಗುವ 32 ಮಿಲಿಮೀಟರಿನ ಪೈಪುಗಳಿಗೆ ಇದರ ಅಗತ್ಯವನ್ನು ನಾನು ಕಾಣುವುದಿಲ್ಲ, ಅಲ್ಲಿ ಬಿಚ್ಚಿ ಹಾಕುವ ಅನುಕೂಲವೇ ದೊಡ್ಡದು. ಮಣ್ಣಿನಡಿ ಹೋಗುವ, ಮತ್ತೆ ಅಗೆಯಲು ಮನಸ್ಸಾಗದ ಲೈನಿಗೆ ಮಾತ್ರ ಬೇರೆ ಯಾವುದನ್ನೂ ನಾನು ಹಾಕಿಸುವುದಿಲ್ಲ. ರಿಪೇರಿಯ ಎರಡು ಕಪ್ಲರುಗಳು ಕವರ್ ಒಡೆಯದೆ ಅಟ್ಟದ ಮೇಲಿವೆ, ಸ್ಕ್ರೇಪರನ್ನು ನಾನೇ ಕೊಂಡಿದ್ದೇನೆ.