ಆಮ್‌ಟ್ರಾಕ್, ನೈಟ್‌ಜೆಟ್, ರಾಜಧಾನಿ: ರಾತ್ರಿ ರೈಲಿನ ಊಟ, ಹಾಸಿಗೆ, ಟಿಪ್ಸ್

ಅಮೆರಿಕದ ಆಮ್‌ಟ್ರಾಕ್ ಸ್ಲೀಪರ್, ಯುರೋಪಿನ ನೈಟ್‌ಜೆಟ್, ನಮ್ಮ ರಾಜಧಾನಿಯ ಫಸ್ಟ್ ಎಸಿ. ಮೂರರಲ್ಲೂ ಮಲಗಿ ಎದ್ದಿದ್ದೇನೆ. ಮೂರರಲ್ಲೂ ಟಿಕೆಟ್ ಜೊತೆಗೇ ತಿನ್ನಲು ಏನಾದರೂ ಸಿಗುತ್ತದೆ. ಒಂದರಲ್ಲಿ ಮೂರು ಹೊತ್ತಿನ ಊಟ, ಇನ್ನೊಂದರಲ್ಲಿ ಬೆಳಗಿನ ತಿಂಡಿ ಮಾತ್ರ. ಹೋಗಲಿ, ಊಟದ ಲೆಕ್ಕವನ್ನು ಟಿಕೆಟ್ ನೋಡಿಯೇ ತಿಳಿದುಕೊಳ್ಳಬಹುದು. ಟಿಪ್ಸ್ ಯಾರಿಗೆ, ಎಷ್ಟು ಅನ್ನೋದನ್ನು ಯಾವ ಟಿಕೆಟ್ಟೂ ಹೇಳುವುದಿಲ್ಲ, ಅಲ್ವಾ?

ಮೊದಲು ಆಮ್‌ಟ್ರಾಕ್. ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಎಮರಿವಿಲ್‌ವರೆಗೆ ಹೋಗುವ ಕ್ಯಾಲಿಫೋರ್ನಿಯಾ ಝೆಫಿರ್‌ನಲ್ಲಿ ಎರಡು ರಾತ್ರಿ ಕಳೆಯಬೇಕು. ರೂಮೆಟ್ ಅಂದರೆ ಎದುರುಬದುರು ಎರಡು ಸೀಟಿನ ಪುಟ್ಟ ಕೋಣೆ. ರಾತ್ರಿ ಅಟೆಂಡೆಂಟ್ ಬಂದು ಎರಡೂ ಸೀಟನ್ನು ಎಳೆದು ಒಂದಕ್ಕೊಂದು ಸೇರಿಸಿ, ಮೇಲಿನ ಬರ್ತ್ ಇಳಿಸಿ, ಅಲ್ಲಿದ್ದ ಹಾಸಿಗೆಯನ್ನು ಕೆಳಗೆ ಹಾಸುತ್ತಾರೆ. ಮೇಲೆ ಮಲಗುವವರು ಬೀಳದ ಹಾಗೆ ಪಟ್ಟಿಯ ಬಲೆಯನ್ನು ಚಾವಣಿಗೆ ಸಿಕ್ಕಿಸುತ್ತಾರೆ. ಬೆಳಿಗ್ಗೆ ಇದೆಲ್ಲ ಉಲ್ಟಾ. ಕೊನೆಯ ಸ್ಟೇಷನ್‌ವರೆಗೂ ಅದೇ ಅಟೆಂಡೆಂಟ್ ಇರುತ್ತಾರೆ. ಹೆಸರು ಹಿಡಿದು ಮಾತಾಡುವಷ್ಟು ಪರಿಚಯವಾಗಿಬಿಡುತ್ತದೆ.

ಇಲ್ಲಿ ಸ್ಲೀಪರ್ ಟಿಕೆಟ್ ಇದ್ದರೆ ಊಟದ ಬೋಗಿಯಲ್ಲಿ ದುಡ್ಡು ಕೊಡಬೇಕಾಗಿಲ್ಲ. ರಾತ್ರಿ ಊಟಕ್ಕೆ ಎಷ್ಟು ಗಂಟೆಗೆ ಬರುತ್ತೀರಿ ಅಂತ ಮುಂಚೆಯೇ ಕೇಳಿ ಬರೆದುಕೊಂಡು ಹೋಗುತ್ತಾರೆ. ನಾಲ್ಕು ಜನರ ಮೇಜು. ಇಬ್ಬರೇ ಹೋದರೆ ಎದುರಿಗೆ ಗುರುತಿಲ್ಲದ ಇಬ್ಬರನ್ನು ಕೂರಿಸುತ್ತಾರೆ. ಮಾತು ಬೇಡ ಅನ್ನುವವರಿಗೆ ಇದು ಕಷ್ಟ. ನನಗೆ ಇಡೀ ಪ್ರಯಾಣದಲ್ಲಿ ಇದೇ ಇಷ್ಟವಾದದ್ದು. ಸಸ್ಯಾಹಾರಿಗಳಿಗೆ ಮೆನುವಿನಲ್ಲಿ ಏನಾದರೂ ಇರುತ್ತದೆ, ಆದರೆ ಆಯ್ಕೆ ಜಾಸ್ತಿ ಇಲ್ಲ. ಎರಡನೇ ರಾತ್ರಿಯೂ ಅದನ್ನೇ ತಿನ್ನಬೇಕಾಗಬಹುದು. ಊಟ ಮುಗಿದ ಮೇಲೆ ಚೀಟಿಯಲ್ಲಿ ರೂಮ್ ನಂಬರ್ ಬರೆದು ಸಹಿ ಹಾಕಬೇಕು, ಅಷ್ಟೇ. ಆದರೆ ಆಮ್‌ಟ್ರಾಕ್ ರೈಲೆಲ್ಲ ಹೀಗೆ ಅಂದುಕೊಳ್ಳಬೇಡಿ. ನ್ಯೂಯಾರ್ಕ್‌ನಿಂದ ಶಿಕಾಗೋಗೆ ಹೋಗುವ ಕಾರ್ಡಿನಲ್‌ನಂಥವುಗಳಲ್ಲಿ ಸಿಗುವುದು ಮೊದಲೇ ತಯಾರಾಗಿ ಬಂದು, ರೈಲಿನಲ್ಲಿ ಬಿಸಿಯಾಗುವ ಊಟ. ಬುಕ್ ಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಬಿಲ್ಲೇ ಇಲ್ಲದಿದ್ದರೆ ಶೇಕಡಾ ಲೆಕ್ಕ ಎಲ್ಲಿಂದ ಹಾಕೋದು? ಅಲ್ಲಿ ಓಡಾಡುವವರು ತಲೆಗೆ ಒಂದೆರಡು ಡಾಲರ್ ಮೇಜಿನ ಮೇಲೆ ಬಿಟ್ಟು ಏಳುತ್ತಾರೆ. ಅಟೆಂಡೆಂಟ್‌ಗೆ ರಾತ್ರಿಗೆ 5ರಿಂದ 10 ಡಾಲರ್, ಇಳಿಯುವಾಗ ಕೈಯಲ್ಲಿ. ಕೊಡಲೇಬೇಕೆಂಬ ನಿಯಮ ಇಲ್ಲ. ಆದರೂ ಈ ರೂಢಿಗೆ ದೊಡ್ಡ ಕಥೆ ಇದೆ. 1867ರಲ್ಲಿ ಶುರುವಾದ ಪುಲ್‌ಮನ್ ಕಂಪನಿ ತನ್ನ ಸ್ಲೀಪರ್ ಬೋಗಿಗಳಿಗೆ, ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಕಪ್ಪು ಜನರನ್ನು ಕೆಲಸಕ್ಕೆ ತೆಗೆದುಕೊಂಡಿತು. ಸಂಬಳ ತೀರಾ ಕಡಿಮೆ, ಉಳಿದದ್ದು ಪ್ರಯಾಣಿಕರ ಟಿಪ್ಸ್‌ನಿಂದ ತುಂಬಬೇಕು. 1925ರಲ್ಲಿ ಕಾರ್ಮಿಕ ನಾಯಕ ಎ. ಫಿಲಿಪ್ ರಾಂಡಾಲ್ಫ್ ಮುಂದೆ ನಿಂತು ಈ ಕೆಲಸಗಾರರ ಸಂಘ ಕಟ್ಟಿದರು. ಕಂಪನಿ ಒಪ್ಪಂದಕ್ಕೆ ಬಂದದ್ದು 1937ರಲ್ಲಿ. ತಿಂಗಳಿಗೆ 400 ಗಂಟೆಯಿದ್ದ ದುಡಿಮೆ 240ಕ್ಕೆ ಇಳಿಯಿತು. ಈಗಿನ ಅಟೆಂಡೆಂಟ್‌ಗಳು ಟಿಪ್ಸ್ ನಂಬಿಕೊಂಡು ಬದುಕುವವರಲ್ಲ. ಹಾಗಾಗಿ ನಾನು ಕೊಡುವುದು ಹಾಸಿಗೆ ಹಾಸಿದ, ಮಧ್ಯರಾತ್ರಿ ಕರೆದರೂ ಬಂದ ಆ ಒಬ್ಬರಿಗೆ. ಊಟದ ಮೇಜಿನಲ್ಲಿ ಕಡಿಮೆ ಬಿಡುತ್ತೇನೆ, ನಾಚಿಕೆಯೇನಿಲ್ಲ.

ನೈಟ್‌ಜೆಟ್ ಪೂರ್ತಿ ಬೇರೆ. ಜರ್ಮನ್ ರೈಲ್ವೆ ತನ್ನ ರಾತ್ರಿ ರೈಲುಗಳನ್ನು ಕೈಬಿಟ್ಟಾಗ, 2016ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾ ರೈಲ್ವೆ ಈ ಹೆಸರಲ್ಲಿ ಶುರು ಮಾಡಿತು. ವಿಯೆನ್ನಾದಲ್ಲಿ ಹತ್ತಿ ಮಲಗಿದರೆ ಬೆಳಿಗ್ಗೆ ವೆನಿಸ್. ಇಲ್ಲಿ ಊಟಕ್ಕಿಂತ ನಿದ್ದೆಗೇ ಬೆಲೆ. ರಾತ್ರಿ ಹಸಿದರೆ ಸಣ್ಣ ಮೆನುವಿನಿಂದ ದುಡ್ಡು ಕೊಟ್ಟು ತಗೊಳ್ಳಬೇಕು. ನಾನಂತೂ ಊಟ ಮುಗಿಸಿಯೇ ಹತ್ತುತ್ತೇನೆ. ಸ್ಲೀಪರ್‌ನಲ್ಲಿ ತಿಂಡಿಯ ಕಾರ್ಡ್ ಕೊಡುತ್ತಾರೆ. ಬ್ರೆಡ್, ಬೆಣ್ಣೆ, ಜಾಮ್, ಚೀಸ್, ಕಾಫಿ ಹೀಗೆ ಪಟ್ಟಿಯಲ್ಲಿ 6 ಐಟಂಗೆ ಟಿಕ್ ಹಾಕಿ ಕೊಟ್ಟರೆ, ಬೆಳಿಗ್ಗೆ ಎಬ್ಬಿಸಿ ಟ್ರೇಯಲ್ಲಿ ತಂದು ಕೊಡುತ್ತಾರೆ. ಕೂಶೆಟ್ ಬೋಗಿಯವರಿಗೆ (ಒಂದೇ ಕೋಣೆಯಲ್ಲಿ ಹಲವರು ಮಲಗುವ ಸಾದಾ ಬರ್ತ್) ಆಯ್ಕೆ ಇಲ್ಲ, ಬನ್ನು ಮತ್ತು ಬಿಸಿ ಪಾನೀಯ. ಟಿಪ್ಸ್ ಯಾರೂ ನಿರೀಕ್ಷೆ ಮಾಡುವುದಿಲ್ಲ. ದುಡ್ಡು ಕೊಟ್ಟು ಏನಾದರೂ ಕೊಂಡಾಗ ಚಿಲ್ಲರೆ ಬಿಟ್ಟರೆ ಸಾಕು. ಸುಮ್ನೆ ನೋಟು ಚಾಚಿ ಅವರನ್ನೂ ಮುಜುಗರಕ್ಕೆ ಸಿಕ್ಕಿಸುವುದು ಯಾಕೆ?

ರಾಜಧಾನಿ ಬಗ್ಗೆ ನಿಮಗೆ ಗೊತ್ತಿರುವುದೇ. ಬುಕ್ ಮಾಡುವಾಗ ಬೇಡ ಅನ್ನದಿದ್ದರೆ ಊಟ ಟಿಕೆಟ್‌ನಲ್ಲೇ ಸೇರಿರುತ್ತದೆ. ತಿನ್ನುವ ಪ್ರಮಾಣ ನೋಡಿದರೆ ಇದೇ ಮೊದಲು: ಸಂಜೆ ಟೀ, ತಿಂಡಿ, ಸೂಪ್, ಊಟ, ಐಸ್‌ಕ್ರೀಂ, ಮತ್ತೆ ಬೆಳಿಗ್ಗೆ ಶುರು. ಸಸ್ಯಾಹಾರಿಗಳಿಗೆ ಚಿಂತೆಯೇ ಇಲ್ಲ. ನಮ್ಮ ಕಡೆ ರೈಲುಗಳಲ್ಲಿ ಇಳಿಯುವ ಹೊತ್ತಿಗೆ ಸೋಂಪಿನ ತಟ್ಟೆ ಮುಂದೆ ಬರುವ ಪದ್ಧತಿ ಇದೆ. ಎಲ್ಲರೆದುರು ತಟ್ಟೆಗೆ ನೋಟು ಹಾಕುವುದು ನನಗೆ ಒಗ್ಗುವುದಿಲ್ಲ. ಚೆನ್ನಾಗಿ ನೋಡಿಕೊಂಡವರಿಗೆ ನಾನೇ ಎದ್ದು ಹೋಗಿ ಕೊಡುತ್ತೇನೆ.

ಒಂದೇ ರಾತ್ರಿಯಾದರೆ ನನ್ನ ಓಟು ನೈಟ್‌ಜೆಟ್‌ಗೆ: ಮಲಗು, ಏಳು, ಇಳಿ. ಎರಡು ರಾತ್ರಿಯಾದರೆ ಝೆಫಿರ್, ಅದೂ ಆ ನಾಲ್ಕು ಜನರ ಮೇಜಿಗಾಗಿ. ಹತ್ತುವ ಮುಂಚೆ 1, 5 ಡಾಲರ್ ನೋಟುಗಳನ್ನು ಮಾಡಿಸಿಟ್ಟುಕೊಳ್ಳಿ. ಕಾರ್ಡ್ ಒಂದನ್ನೇ ನಂಬಿ ಹೋದರೆ ಅಟೆಂಡೆಂಟ್‌ಗೆ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ.